ವೆಬ್‌ವ್ಯಾನ್ ಮುಳುಗಿದ್ದೂ ನನ್ನ ಓಮ್ನಿ ನಿಂತಿದ್ದೂ ಒಂದೇ ಕಾರಣಕ್ಕಾ?

ಓಮ್ನಿ ಮಾಲೀಕ, ತುಮಕೂರು

ಮೊನ್ನೆ ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟದಿಂದ ಸಾಮಾನು ಇಳಿಸುವಾಗ ಒಂದು ಹಳೇ ಲೆಕ್ಕದ ಪುಸ್ತಕ ಸಿಕ್ಕಿತು. 2012ರಲ್ಲಿ ನಾನು ತುಮಕೂರಿನಲ್ಲೇ ತರಕಾರಿ, ದಿನಸಿಯನ್ನು ಆನ್‌ಲೈನ್‌ನಲ್ಲಿ ಮಾರಲು ಹೋಗಿ ಕೈ ಸುಟ್ಟುಕೊಂಡ ಕಾಲದ್ದು. ಒಂದು ವೆಬ್‌ಸೈಟು, ಒಂದು ಸೆಕೆಂಡ್ ಹ್ಯಾಂಡ್ ಓಮ್ನಿ, ಬಟವಾಡಿಯಲ್ಲಿ ಬಾಡಿಗೆ ಶೆಡ್, ಇಬ್ಬರು ಹುಡುಗರು. 14 ತಿಂಗಳು ನಡೆಯಿತು. ಅಪ್ಪ ಕೊಬ್ಬರಿ ಮಾರಿ ಬ್ಯಾಂಕಿನಲ್ಲಿ ಇಟ್ಟಿದ್ದ ದುಡ್ಡು ಪೂರ್ತಿ ಹೋಯಿತು. ಅವರು ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾರು ಕೇಳಿದರೂ ನಾನು ಹೇಳುತ್ತಿದ್ದದ್ದು ಒಂದೇ. "ಐದು ವರ್ಷ ಮುಂಚೆ ಮಾಡಿಬಿಟ್ಟೆ. ಆಗ ಊರಿನ ಜನಕ್ಕೆ ಇದೆಲ್ಲ ಅಭ್ಯಾಸ ಇರಲಿಲ್ಲ." ಕೇಳಿದವರೂ ತಲೆ ಆಡಿಸುತ್ತಿದ್ದರು. ಈಗ ಅಮೆರಿಕದ ವೆಬ್‌ವ್ಯಾನ್ ಕಂಪನಿಯ ಕಥೆ ಓದಿದ ಮೇಲೆ ನನಗೇ ಅನುಮಾನ ಶುರುವಾಗಿದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಲೂಯಿಸ್ ಬಾರ್ಡರ್ಸ್ ಅಂತ, ಅಲ್ಲಿ ದೊಡ್ಡ ಪುಸ್ತಕದ ಅಂಗಡಿಗಳ ಸರಣಿ ಕಟ್ಟಿದವರು. 1996ರಲ್ಲಿ ಈ ಕಂಪನಿ ಶುರು ಮಾಡಿದರು. 1999ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಮನೆಗೆ ದಿನಸಿ ಮುಟ್ಟಿಸಲು ಆರಂಭಿಸಿದರು. ನೀವು ಹೇಳಿದ ಅರ್ಧ ಗಂಟೆಯ ಅವಧಿಯೊಳಗೇ ಬಾಗಿಲಿಗೆ ಬರುತ್ತಿದ್ದರು. 50 ಡಾಲರ್ ದಾಟಿದರೆ ಸಾಗಣೆ ಫ್ರೀ. ಓಕ್ಲೆಂಡ್‌ನಲ್ಲಿ ಕಟ್ಟಿದ ಗೋಡೌನ್ 3,30,000 ಚದರ ಅಡಿ. ಒಂದೇ ಸೂರಿನ ಕೆಳಗೆ ಏಳೂವರೆ ಎಕರೆ! ನಮ್ಮ ಕಡೆ ಅಷ್ಟು ಅಡಿಕೆ ತೋಟ ಇದ್ದವನನ್ನು ಗೌಡರೇ ಅಂತ ಕರೆಯುತ್ತೇವೆ. ಒಳಗೆ ಮೈಲಿಗಟ್ಟಲೆ ಕನ್ವೇಯರ್ ಬೆಲ್ಟು. ಆಳು ನಿಂತ ಕಡೆ ನಿಂತಿರುತ್ತಾನೆ, ಸಾಮಾನೇ ತಿರುಗಿಕೊಂಡು ಅವನ ಹತ್ತಿರ ಬರುತ್ತದೆ.

ಅದು ಸರಿಯಾಗಿ ಓಡುವ ಮೊದಲೇ, 1999ರ ಜುಲೈನಲ್ಲಿ, ಅಂಥದ್ದೇ 26 ಗೋಡೌನ್ ಕಟ್ಟಿಕೊಡಲು ಬೆಕ್ಟೆಲ್ ಕಂಪನಿಗೆ 100 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟರು. ನವೆಂಬರ್‌ನಲ್ಲಿ ಷೇರು ಬಿಟ್ಟು 37.5 ಕೋಟಿ ಡಾಲರ್ ಎತ್ತಿದರು. 2001ರ ಜುಲೈನಲ್ಲಿ ಬಾಗಿಲು ಹಾಕಿದರು. 80 ಕೋಟಿ ಡಾಲರ್‌ಗಿಂತ ಜಾಸ್ತಿ ನೀರಿನಲ್ಲಿ ಹೋಯಿತು. ಸುಮಾರು 2,000 ಜನ ಕೆಲಸ ಕಳೆದುಕೊಂಡರು.

ಅವರಿಗೂ ನನಗೂ ಹೋಲಿಕೆ ಇಲ್ಲ ಬಿಡಿ, ಆನೆ ಎಲ್ಲಿ, ಆಡು ಎಲ್ಲಿ. ಆದರೂ ಕೇಳುತ್ತೇನೆ. ಅವರು ಕಾಲಕ್ಕಿಂತ ಮುಂಚೆ ಬಂದು ಸೋತರಾ? ಇಲ್ಲ ಬೇರೆ ಏನಾದರೂ ಇದೆಯಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಕಾಲದ ಸಮಸ್ಯೆಯೇ ಸರ್. ನಾನು ದಿನಾ ಬೆಂಗಳೂರಿಗೆ ಹೋಗಿ ಬರುವ ಸಾಫ್ಟ್‌ವೇರ್ ಕೆಲಸಗಾರ, ಈ ಡಾಟ್‌ಕಾಂ ಕಾಲದ ಕಥೆಗಳು ಅಂದರೆ ಒಂಥರಾ ಹುಚ್ಚು. 1999ರಲ್ಲಿ ಅಮೆರಿಕದಲ್ಲೂ ಇಂಟರ್ನೆಟ್ ಇದ್ದ ಮನೆಗಳಲ್ಲಿ ಜಾಸ್ತಿ ಕಡೆ ಫೋನ್ ಲೈನಿನದ್ದೇ. ಮೋಡೆಮ್ ಕಿರ್ರ್ ಅಂತ ಕಿರುಚಿ ಕನೆಕ್ಟ್ ಆಗೋದು. ಅದರಲ್ಲಿ ವಾರದ ದಿನಸಿ ಒಂದೊಂದೇ ಆರಿಸಬೇಕು. ನಮ್ಮ ಮನೆಯಲ್ಲಿ ಅಮ್ಮ ಚೀಟಿ ಬರೆಯಲು ಎರಡು ನಿಮಿಷ ಸಾಕು.

ಬ್ರಿಟನ್‌ನ ಬೂ ಡಾಟ್ ಕಾಂ ಇದಕ್ಕೆ ಸರಿಯಾದ ಉದಾಹರಣೆ. ಫ್ಯಾಷನ್ ಬಟ್ಟೆ ಮಾರುತ್ತಿದ್ದರು. 1999ರ ನವೆಂಬರ್‌ನಲ್ಲಿ ಶುರು, 2000ರ ಮೇನಲ್ಲಿ ಮುಚ್ಚಿತು. ಸೈಟಿನ ತುಂಬಾ ಚಿತ್ರ, ಕುಣಿತ, ಮಾತಾಡಿಸುವ ಬೊಂಬೆ. ಮೋಡೆಮ್ ಇದ್ದವರಿಗೆ ಪುಟ ತೆರೆಯುತ್ತಲೇ ಇರಲಿಲ್ಲ. ಅಂಗಡಿ ಶೃಂಗಾರ ಮಾಡಿ ಬಾಗಿಲು ತೆರೆಯೋದು ಮರೆತ ಹಾಗೆ.

ನಮ್ಮಲ್ಲಿ ನೋಡಿ. ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಅನ್ನೋ ಆನ್‌ಲೈನ್ ಅಂಗಡಿ ಶುರುವಾಗಿದ್ದೂ 1999ರಲ್ಲೇ. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಕ್ಕೆ ಇಂಟರ್ನೆಟ್ ಕೊಡಲು ಶುರು ಮಾಡಿ ಆಗಿನ್ನೂ ನಾಲ್ಕು ವರ್ಷ. ಕಾರ್ಡ್ ಇದ್ದವರೇ ಕಡಿಮೆ, ಇದ್ದವರಿಗೂ ನಂಬರ್ ಹಾಕಲು ಭಯ. ಫ್ಲಿಪ್‌ಕಾರ್ಟ್ 2010ರಲ್ಲಿ ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡಿ ಅಂದಾಗ ತಾನೇ ನಮ್ಮ ಜನ ಧೈರ್ಯ ಮಾಡಿದ್ದು?

ಪೇಪರ್ ಲೈನ್, ತುಮಕೂರು

ನಂದಿ ತಪ್ಪಲು ಅವರೇ, ನೀವು ಓದಿಕೊಂಡವರು, ಇಂಟರ್ನೆಟ್ ವಿಷಯದಲ್ಲಿ ನಿಮ್ಮ ಮಾತು ಸರಿ ಇರಬಹುದು. ನಾನು 26 ವರ್ಷದಿಂದ ಪೇಪರ್, ಹಾಲಿನ ಲೈನ್ ಮಾಡಿಕೊಂಡು ಬಂದವನು. ನನ್ನ ಲೆಕ್ಕ ಬೇರೆ.

ಲೈನ್ ಅಂದರೆ ಏನು ಅಂತ ಮೊದಲು ಹೇಳುತ್ತೇನೆ. ಬೆಳಗ್ಗೆ ನಾಲ್ಕೂವರೆಗೆ ಬಂಡಲ್ ಇಳಿಯುತ್ತೆ. ಸಪ್ಲಿಮೆಂಟು ಸೇರಿಸಿ ಮಡಿಸೋದು ಮುಕ್ಕಾಲು ಗಂಟೆ. ಆಮೇಲೆ ಹುಡುಗ ಸೈಕಲ್ ಹತ್ತಿದರೆ ಒಂದೂವರೆ ಗಂಟೆಯಲ್ಲಿ 120 ಮನೆ ಮುಗಿಸುತ್ತಾನೆ. ಹೇಗೆ? ಒಂದು ಕ್ರಾಸಿನಲ್ಲಿ 20 ಮನೆ ಇದ್ದರೆ 12 ನಮ್ಮವು. ಅವನು ಸೈಕಲ್ಲಿಂದ ಇಳಿಯೋದೇ ಇಲ್ಲ, ಸುಮ್ನೆ ಎಸೆಯುತ್ತಾ ಹೋಗುತ್ತಾನೆ. ಅದೇ ಕ್ರಾಸಿನಲ್ಲಿ ಎರಡೇ ಮನೆ ಇದ್ದರೂ ತುಳಿಯೋದು ಅಷ್ಟೇ ದೂರ, ಸಂಬಳವೂ ಅಷ್ಟೇ. ಒಂದು ಪೇಪರಿಗೆ ನಮಗೆ ಸಿಗೋದು ಪೈಸೆ ಲೆಕ್ಕದ ಕಮಿಷನ್. ದೂರದಲ್ಲಿ ಒಂಟಿ ಮನೆ ಇದ್ದರೆ "ಆಗಲ್ಲ ಸ್ವಾಮಿ" ಅಂತ ಕೈ ಮುಗಿಯುತ್ತೇನೆ. ಸಂಬಂಧಿಕರ ಮನೆ ಆದರೂ ಅಷ್ಟೇ. ನಮ್ಮ ಷಡ್ಡಕ ಇವತ್ತಿಗೂ ಅದಕ್ಕೆ ಮುನಿಸಿಕೊಂಡಿದ್ದಾನೆ.

ಆ ವ್ಯಾನಿನವರು ಮಾಡಿದ್ದು ಏನು? ಏಳೂವರೆ ಎಕರೆ ಗೋಡೌನು ಮೊದಲು ಕಟ್ಟಿದರು, ಮನೆ ಆಮೇಲೆ ಹುಡುಕಿದರು. ನಾನು ಐದು ಸಾವಿರ ಪೇಪರ್ ಮೊದಲೇ ತರಿಸಿ ಇಟ್ಟುಕೊಂಡು, "ಯಾರಿಗೆ ಬೇಕು ಪೇಪರ್" ಅಂತ ಕೂಗಿದ ಹಾಗೆ ಆಯಿತಲ್ಲ. ಇದಕ್ಕೆ ಕಾಲ ಏನು ಮಾಡುತ್ತೆ?

ಬಾಕ್ಸ್ ಲೆಕ್ಕ, ಕೋಲಾರ

ಪೇಪರಣ್ಣ ಹೇಳಿದ್ದಕ್ಕೆ ನಂದೂ ಒಂದು ಕೈ. ನಾನು ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಕಡೆಯವನು. ನಿಮ್ಮ ಪೇಪರ್ ಮಧ್ಯಾಹ್ನಕ್ಕೆ ರದ್ದಿ ಆದರೂ ರದ್ದಿಗೆ ಒಂದು ರೇಟ್ ಇದೆ. ಟೊಮೆಟೊಗೆ ಅದೂ ಇಲ್ಲ. 15 ಕೆಜಿ ಬಾಕ್ಸು ಬೆಳಗ್ಗೆ ಹರಾಜಿನಲ್ಲಿ ಹೋಗಲಿಲ್ಲ ಅಂದರೆ ಸಂಜೆಗೆ ಅದರ ಬೆಲೆ ಕೇಳಬೇಡಿ. ರೇಟ್ ಬಿದ್ದ ವರ್ಷ ರಸ್ತೆಗೆ ಸುರಿದಿರೋದನ್ನ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಪುಸ್ತಕ ಮಾರಿದವರು ತರಕಾರಿಗೆ ಯಾಕೆ ಕೈ ಹಾಕಿದರು ಅನ್ನೋದು ನನ್ನ ಪ್ರಶ್ನೆ. ಪುಸ್ತಕ ಕಪಾಟಿನಲ್ಲಿ ಒಂದು ವರ್ಷ ಕೂತರೂ ಪುಸ್ತಕವೇ.

ಮಂಡಿಪೇಟೆ ದಿನಸಿ, ತುಮಕೂರು

ಮೂರು ತಲೆಮಾರಿನ ಅಂಗಡಿ ನಮ್ಮದು. ಎಲ್ಲರೂ ಹೊಸದಾಗಿ ಕಂಡುಹಿಡಿದ ಹಾಗೆ ಹೋಮ್ ಡೆಲಿವರಿ ಹೋಮ್ ಡೆಲಿವರಿ ಅನ್ನುತ್ತೀರಿ. ನಮ್ಮ ಹುಡುಗ ಟಿವಿಎಸ್ ಎಕ್ಸೆಲ್‌ನಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು ಮನೆಮನೆಗೆ ಹೋಗೋದು ಏನು ಮತ್ತೆ? ಫೋನ್ ಇಲ್ಲದ ಕಾಲದಲ್ಲಿ ಚೀಟಿ ಬರುತ್ತಿತ್ತು. ಈಗ ಚೀಟಿಯ ಫೋಟೊ ವಾಟ್ಸಾಪ್‌ನಲ್ಲಿ ಬರುತ್ತೆ, ಅಷ್ಟೇ ವ್ಯತ್ಯಾಸ.

ದಿನಸಿಯಲ್ಲಿ ಉಳಿಯೋದು ಎಷ್ಟು ಅಂತ ಯಾರಾದರೂ ಕೇಳಿದ್ದೀರಾ? ಸಕ್ಕರೆ, ಎಣ್ಣೆಯಲ್ಲಿ ಏನೂ ಇಲ್ಲ. ಗಿರಾಕಿ ಬರಲಿ ಅಂತ ಮಾರೋದು. ಎಲ್ಲಾ ಖರ್ಚು ಕಳೆದು ಅಮೆರಿಕದ ದೊಡ್ಡ ಸೂಪರ್ ಮಾರ್ಕೆಟ್ಟಿಗೂ ನೂರಕ್ಕೆ ಒಂದೆರಡು ಉಳಿದರೆ ಹೆಚ್ಚು. ಅದೂ ಗಿರಾಕಿಯೇ ಬಂದು, ಆರಿಸಿ, ಹೊತ್ತುಕೊಂಡು ಹೋದರೆ! ಆರಿಸೋದು, ಹೊರೋದು, ಪೆಟ್ರೋಲ್ ಹಾಕೋದು ಎಲ್ಲಾ ನೀವೇ ಮಾಡಿ, ಅದೇ ರೇಟಿಗೆ ಕೊಟ್ಟು, ಮೇಲಿಂದ ಫ್ರೀ ಅಂದರೆ ಆ ಒಂದೆರಡು ಎಲ್ಲಿಂದ ಬರಬೇಕು? ನಮ್ಮ ಹುಡುಗ ಹೋಗೋದು ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ. ಅವನ ಸಂಬಳ ಹೇಗೂ ಕೊಡಲೇಬೇಕು. ಅದಕ್ಕೇ ನಮಗೆ ನಡೆಯುತ್ತೆ.

ಇನ್ನೊಂದು. ನಾವು ಉದ್ರಿ ಕೊಡುತ್ತೇವೆ. ವೆಬ್‌ಸೈಟು ಕೊಡುತ್ತಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಮಂಡಿಪೇಟೆ ಸರ್, ನಿಮ್ಮ ಮಧ್ಯಾಹ್ನದ ಹುಡುಗನ ಮಾತು ಓದಿ ಒಂದು ನೆನಪಾಯಿತು. ನನ್ನ ವಾದಕ್ಕೆ ನಾನೇ ಅಡ್ಡ ಮಾತಾಡುವ ಹಾಗಾಗುತ್ತೆ, ಆದರೂ ಹೇಳಿಬಿಡುತ್ತೇನೆ.

ಅದೇ ಕಾಲ, ಅದೇ ಮೋಡೆಮ್. ಇಂಗ್ಲೆಂಡಿನ ಸೂಪರ್ ಮಾರ್ಕೆಟ್ ಕಂಪನಿ ಟೆಸ್ಕೊ ಕೂಡ ಆನ್‌ಲೈನ್‌ನಲ್ಲಿ ದಿನಸಿ ಮಾರುತ್ತಿತ್ತು. ಅವರು ಹೊಸ ಗೋಡೌನ್ ಕಟ್ಟಲು ಹೋಗಲಿಲ್ಲ. ಇದ್ದ ಅಂಗಡಿಯಲ್ಲೇ ಒಬ್ಬ ಆಳು ಗಾಡಿ ತಳ್ಳಿಕೊಂಡು ಕಪಾಟಿನಿಂದ ಸಾಮಾನು ಎತ್ತಿ ವ್ಯಾನಿಗೆ ತುಂಬುತ್ತಿದ್ದ. ತಂತ್ರಜ್ಞಾನದವರು ನೋಡಿ ನಕ್ಕರು, ಇದೂ ಒಂದು ವಿಧಾನವಾ ಅಂತ. ವೆಬ್‌ವ್ಯಾನ್ ಮುಚ್ಚುವ ಹೊತ್ತಿಗೆ, 2001ರಲ್ಲಿ, ಅಮೆರಿಕದ ಸೂಪರ್ ಮಾರ್ಕೆಟ್ ಕಂಪನಿ ಸೇಫ್‌ವೇ ಆನ್‌ಲೈನ್ ದಿನಸಿಗೆ ಇದೇ ಟೆಸ್ಕೊ ಜೊತೆ ಕೈ ಜೋಡಿಸಿತು.

ಹಾಗಾಗಿ ಪೂರ್ತಿ ಕಾಲದ ಮೇಲೆ ಹಾಕೋಕೆ ಆಗಲ್ಲ. ಅರ್ಧ ವಾಪಸ್ ತಗೊಳ್ಳುತ್ತೇನೆ. ಅರ್ಧ ಮಾತ್ರ!

ಪೇಪರ್ ಲೈನ್, ತುಮಕೂರು

ಅರ್ಧ ಸಾಕು, ಇನ್ನರ್ಧ ನಾಳೆ ಈಸ್ಕೊಳ್ಳುತ್ತೇನೆ.

ಎಸ್ಸೆಸ್ ಪುರಂ ಅಕ್ಕ, ತುಮಕೂರು

ಓಮ್ನಿ ಮಾಲೀಕರೇ, ನೀವು ಅದೇ ಬಿಳೀ ಓಮ್ನಿಯವರಾ? ಬಾಗಿಲು ಎಳೆದರೆ ಇಡೀ ರಸ್ತೆಗೆ ಕೇಳುವ ಹಾಗೆ ಕಿರ್ರ್ ಅನ್ನುತ್ತಿತ್ತು? ಹಾಗಿದ್ದರೆ ನಾನು ನಿಮ್ಮ ಗಿರಾಕಿ. ಆ ಸದ್ದು ಕೇಳಿದರೆ ಪಕ್ಕದ ಮನೆಯವರೂ ಚೀಲ ಹಿಡಿದು ಬರೋರು, ತರಕಾರಿ ಗಾಡಿ ಅಂದುಕೊಂಡು. ನಿಮ್ಮ ಹುಡುಗ "ಇಲ್ಲ ಆಂಟಿ, ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು" ಅಂತ ವಾಪಸ್ ಕಳಿಸೋನು. ಒಳಗೆ ಸೊಪ್ಪು ಇದೆ, ಹೊರಗೆ ದುಡ್ಡು ಹಿಡಿದುಕೊಂಡು ನಿಂತಿದ್ದಾರೆ, ಕೊಡಲ್ಲ ಅಂದರೆ ಹೇಗೆ? ನನಗೆ ಆಗಲೇ ಅನ್ನಿಸಿತ್ತು, ಇವರು ಬಹಳ ದಿನ ನಡೆಸಲ್ಲ ಅಂತ. ಬೇಜಾರು ಮಾಡ್ಕೋಬೇಡಿ.

ನಾನು ಬಿಟ್ಟಿದ್ದು ಯಾಕೆ ಅಂತಲೂ ಹೇಳುತ್ತೇನೆ. ಒಂದು ಸಲ ಹುರುಳಿಕಾಯಿ ಬುಕ್ ಮಾಡಿದ್ದೆ. ಸಿಗಲಿಲ್ಲ ಅಂತ ಗೋರಿಕಾಯಿ ಇಟ್ಟು ಕಳಿಸಿದಿರಿ. ಗೋರಿಕಾಯಿ ನಮ್ಮ ಮನೆಯಲ್ಲಿ ಯಾರೂ ತಿನ್ನಲ್ಲ. ಎದುರಿಗೆ ನಿಂತ ಸೊಪ್ಪಿನವಳಾದರೆ ಚೌಕಾಸಿ ಮಾಡಬಹುದು, ಎರಡು ಮಾತು ಅನ್ನಬಹುದು. ವೆಬ್‌ಸೈಟಿಗೆ ಯಾರು ಬಯ್ಯುತ್ತಾರೆ? ಸುಮ್ನೆ ಬಿಟ್ಟೆ.

ಓಮ್ನಿ ಮಾಲೀಕ, ತುಮಕೂರು

ಅಕ್ಕಾ, ಅದೇ ಓಮ್ನಿ. ಗೋರಿಕಾಯಿಗೆ 12 ವರ್ಷದ ಮೇಲೆ ಕ್ಷಮೆ ಕೇಳುತ್ತಿದ್ದೇನೆ. ಆ ಹುಡುಗನಿಗೆ ಹಾಗೆ ಹೇಳು ಅಂದವನು ನಾನೇ. ಬುಕ್ ಮಾಡದೇ ಕೊಟ್ಟರೆ ಸ್ಟಾಕ್ ಲೆಕ್ಕ ತಪ್ಪುತ್ತೆ ಅಂತ. ಸಾಫ್ಟ್‌ವೇರ್ ಲೆಕ್ಕ ಸರಿ ಇರಬೇಕು ಅನ್ನೋದೇ ದೊಡ್ಡದಾಗಿತ್ತು ಆಗ. ಸಂಜೆ ಅದೇ ಸೊಪ್ಪನ್ನ ದನಕ್ಕೆ ಹಾಕುತ್ತಿದ್ದೆವು.

ಪೇಪರಣ್ಣನ ಮಾತು ಓದಿದ ಮೇಲೆ ನಿನ್ನೆ ರಾತ್ರಿ ಪುಸ್ತಕ ಹಿಡಿದು ಕೂತೆ. ಒಂದು ತಿಂಗಳ ಆರ್ಡರುಗಳನ್ನ ರಸ್ತೆ ಪ್ರಕಾರ ವಿಂಗಡಿಸಿದೆ. ಆಗ ಯಾವತ್ತೂ ಹೀಗೆ ನೋಡಿರಲಿಲ್ಲ, ದಿನಕ್ಕೆ ಒಟ್ಟು ಎಷ್ಟು ಆರ್ಡರ್ ಅಂತ ಮಾತ್ರ ನೋಡುತ್ತಿದ್ದೆ. ಎಸ್ಸೆಸ್ ಪುರಂ ಸುತ್ತಿನಲ್ಲಿ ಒಂದು ಸಲಕ್ಕೆ 11 ಮನೆ, 50 ನಿಮಿಷ. ಕ್ಯಾತ್ಸಂದ್ರದಿಂದ ಗುಬ್ಬಿ ಗೇಟ್‌ವರೆಗಿನ ಸುತ್ತಿನಲ್ಲಿ 7 ಮನೆ, ಮೂರು ಗಂಟೆ. ಊರಿನ ಆ ತುದಿ, ಈ ತುದಿ. ಅದರಲ್ಲೂ "ಗಣೇಶನ ಗುಡಿ ಹಿಂದೆ, ಹಳೇ ಬಾವಿ ಪಕ್ಕ" ಅಂತ ವಿಳಾಸ. ಹುಡುಗ ಮೂರು ಸಲ ಫೋನ್ ಮಾಡಬೇಕು. ಮೊದಲನೇ ಸುತ್ತಿನಲ್ಲಿ ಸಣ್ಣದಾದರೂ ಲಾಭ ಇತ್ತು! ಎರಡನೇ ಸುತ್ತು ಅದನ್ನೂ ತಿಂದು, ಮೇಲೆ ಇನ್ನಷ್ಟು ತಿನ್ನುತ್ತಿತ್ತು.

ಅಂಥ ತಿಂಗಳಲ್ಲೇ ನಾನು ಮಾಡಿದ್ದೇನು ಗೊತ್ತಾ? "ಈಗ ಶೆಟ್ಟಿಹಳ್ಳಿಗೂ ಬಂದಿದ್ದೇವೆ" ಅಂತ ಪಾಂಪ್ಲೆಟ್ ಹಂಚಿಸಿದೆ. ಎರಡು ಗಂಟೆಯೊಳಗೆ ಮನೆಗೆ, 200 ರೂಪಾಯಿ ಮೇಲೆ ಫ್ರೀ. ಅವರ ಅರ್ಧ ಗಂಟೆ, ನನ್ನ ಎರಡು ಗಂಟೆ. ಅವರ 50 ಡಾಲರ್, ನನ್ನ 200 ರೂಪಾಯಿ. ಅವರ 26 ಊರು, ನನ್ನ ಶೆಟ್ಟಿಹಳ್ಳಿ.

ಪೇಪರ್ ಲೈನ್, ತುಮಕೂರು

ಆ ಪಾಂಪ್ಲೆಟ್ ಪೇಪರ್ ಒಳಗೆ ಇಟ್ಟು ಹಂಚಿದ್ದು ನಮ್ಮ ಹುಡುಗರೇ ಇರಬೇಕು. ಆಗ ಒಂದು ಮಾತು ಕೇಳಬಹುದಿತ್ತು ಸರ್.

ನಿಮ್ಮ ಎರಡು ಗಂಟೆ ಮಾತೇ ನನಗೆ ಜಾಸ್ತಿ ಚುಚ್ಚುತ್ತೆ. ಗಿರಾಕಿ ಹೇಳಿದ ಹೊತ್ತಿಗೆ ಗಾಡಿ ಓಡಬೇಕು ಅಂದರೆ ಲೈನೇ ಆಗಲ್ಲ. ಒಂದೇ ಬೀದಿಯಲ್ಲಿ ಒಬ್ಬರಿಗೆ ಒಂಬತ್ತು ಗಂಟೆಗೆ, ಪಕ್ಕದವರಿಗೆ ಹನ್ನೊಂದಕ್ಕೆ. ಎರಡು ಸಲ ಅದೇ ಬೀದಿಗೆ ಹೋಗಬೇಕು. ಹಾಲಿನವನು ತನ್ನ ಹೊತ್ತಿಗೆ ಬರುತ್ತಾನೆ, ನಾವು ಪಾತ್ರೆ ಇಟ್ಟುಕೊಂಡು ಕಾಯುತ್ತೇವೆ. ಯಾರೂ ಬೈಯಲ್ಲ.

ಬಾಕ್ಸ್ ಲೆಕ್ಕ, ಕೋಲಾರ

ಅಲ್ಲಾ, ಅಷ್ಟು ದೊಡ್ಡ ಕಂಪನಿಯಲ್ಲಿ ಇದನ್ನ ಹೇಳೋರು ಒಬ್ಬರೂ ಇರಲಿಲ್ವಾ? ಯಾರು ನಡೆಸುತ್ತಿದ್ದದ್ದು?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಜಾರ್ಜ್ ಶಾಹೀನ್ ಅಂತ. ಆಂಡರ್ಸನ್ ಕನ್ಸಲ್ಟಿಂಗ್‌ನ ಮುಖ್ಯಸ್ಥರಾಗಿದ್ದವರು, 1999ರಲ್ಲಿ ಇಲ್ಲಿಗೆ ಬಂದರು. ಬೇರೆ ಕಂಪನಿಗಳಿಗೆ ಸಲಹೆ ಕೊಡುವುದರಲ್ಲಿ ಪಳಗಿದ ಕೈ. ದಿನಸಿ ಮಾರಿದ ಅನುಭವ ಇರಲಿಲ್ಲ. 2001ರ ಏಪ್ರಿಲ್‌ನಲ್ಲಿ ಬಿಟ್ಟು ಹೋದರು. ಅವರ ಒಪ್ಪಂದದಲ್ಲಿ ಬಿಟ್ಟ ಮೇಲೂ ಬದುಕಿರುವವರೆಗೆ ವರ್ಷಕ್ಕೆ 3,75,000 ಡಾಲರ್ ಅಂತ ಇತ್ತು. ಮೂರು ತಿಂಗಳಲ್ಲಿ ಕಂಪನಿಯೇ ದಿವಾಳಿ. ಅವರೂ ಕಂಪನಿಯಿಂದ ದುಡ್ಡು ಬರಬೇಕಾದವರ ಸಾಲಿನಲ್ಲಿ ನಿಲ್ಲಬೇಕಾಯಿತು.

ಹೇಳೋರು ಇರಲಿಲ್ವಾ ಅಂದಿರಿ. ಆ ವರ್ಷಗಳಲ್ಲಿ ಷೇರು ಪೇಟೆ ಹೇಗಿತ್ತು ಅಂದರೆ ನಿಧಾನಕ್ಕೆ ಹೋಗೋರನ್ನ ದಡ್ಡರು ಅನ್ನುತ್ತಿದ್ದರು. 15 ಡಾಲರ್‌ಗೆ ಬಿಟ್ಟ ಷೇರು ಮೊದಲ ದಿನವೇ 25ರ ಹತ್ತಿರ ಮುಗಿಯಿತು. ಕಂಪನಿಯ ಬೆಲೆ 800 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದರು. 2000ದ ಮಾರ್ಚ್ ಆದಮೇಲೆ ಪೇಟೆ ಕುಸಿಯಿತು. ಆದರೂ ಅಟ್ಲಾಂಟಾ, ಷಿಕಾಗೋ ಅಂತ ಹೊಸ ಊರುಗಳಿಗೆ ಕಾಲಿಡೋದು ನಿಲ್ಲಿಸಲಿಲ್ಲ. ಸಾಲದ್ದಕ್ಕೆ ಹೋಮ್‌ಗ್ರೋಸರ್ ಅನ್ನೋ ಇನ್ನೊಂದು ನಷ್ಟದ ಕಂಪನಿಯನ್ನ ಸೇರಿಸಿಕೊಂಡರು. ಕೊನೆಗೆ ಷೇರಿನ ಬೆಲೆ 6 ಸೆಂಟ್.

ಮಂಡಿಪೇಟೆ ದಿನಸಿ, ತುಮಕೂರು

ಬೇರೆಯವರ ದುಡ್ಡು ಅಂದರೆ ಹಾಗೆ. ನಮ್ಮ ತಾತ ಎರಡನೇ ತಕ್ಕಡಿ ತಗೊಳ್ಳೋಕೆ ಆರು ವರ್ಷ ಯೋಚನೆ ಮಾಡಿದ್ದರಂತೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಸರ್, ತಾತನ ಹಾಗೆ ಕೂತರೆ ಮತ್ತೆ ಹೊಸದು ಏನೂ ಬರಲ್ಲ, ಅಲ್ವಾ? ನನ್ನ ಉಳಿದರ್ಧ ಇದಕ್ಕೇ ಇಟ್ಟುಕೊಂಡಿದ್ದೆ.

ವೆಬ್‌ವ್ಯಾನ್‌ನಲ್ಲಿ ಕೆಲಸ ಮಾಡಿದ ಮಿಕ್ ಮೌಂಟ್ಜ್ ಅನ್ನುವವರಿಗೆ ಒಂದು ವಿಷಯ ತಲೆಯಲ್ಲಿ ಉಳಿಯಿತು. ಒಂದೊಂದು ಆರ್ಡರ್ ಆರಿಸಿ ತುಂಬಲು ಬೀಳುವ ಖರ್ಚು. ಮೈಲಿಗಟ್ಟಲೆ ಬೆಲ್ಟು ಒಮ್ಮೆ ಕಟ್ಟಿದರೆ ಕಟ್ಟಿದ ಹಾಗೆ, ವ್ಯಾಪಾರ ಕಡಿಮೆ ಇದ್ದರೂ ಅದರ ಖರ್ಚು ನಿಲ್ಲಲ್ಲ. ಅವರು 2003ರಲ್ಲಿ ಕೀವಾ ಸಿಸ್ಟಮ್ಸ್ ಶುರು ಮಾಡಿದರು. ನೆಲದ ಮೇಲೆ ಓಡಾಡುವ ಸಣ್ಣ ರೋಬೋಗಳು ಕಪಾಟನ್ನೇ ಹೊತ್ತು ಆಳಿನ ಹತ್ತಿರ ತರುತ್ತವೆ. ಕೆಲಸ ಜಾಸ್ತಿ ಆದರೆ ನಾಲ್ಕು ರೋಬೋ ಜಾಸ್ತಿ ಬಿಟ್ಟರೆ ಆಯಿತು. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಓಮ್ನಿ ಸರ್, ನೀವು ಬಟವಾಡಿಯ ಶೆಡ್ಡಿನಲ್ಲಿ ಸೊಪ್ಪು ಕಟ್ಟುತ್ತಿದ್ದ ಅದೇ ವರ್ಷ.

2007ರಲ್ಲಿ ಅಮೆಜಾನ್ ದಿನಸಿಗೆ ಕೈ ಹಾಕಿದಾಗ ಸಿಯಾಟಲ್ ಒಂದೇ ಊರಿನಲ್ಲಿ ವರ್ಷಗಟ್ಟಲೆ ಕೂತು ಕಲಿಯಿತು. ಅಲ್ಲಿ ಮುಂದೆ ನಿಂತವರಲ್ಲಿ ವೆಬ್‌ವ್ಯಾನ್‌ನ ಹಳಬರಿದ್ದರು.

ನಮ್ಮ ಫ್ಯಾಬ್‌ಮಾರ್ಟ್ ಕಥೆಯೂ ಅಷ್ಟೇ. ಮುಂದೆ ಇಂಡಿಯಾಪ್ಲಾಜಾ ಅಂತಾಗಿ 2013ರಲ್ಲಿ ಅದು ಮುಚ್ಚಿತು. ಅದನ್ನು ಶುರು ಮಾಡಿದವರಲ್ಲಿ ಹರಿ ಮೆನನ್, ವಿ.ಎಸ್. ಸುಧಾಕರ್ ಮೊದಲಾದವರು ನಡುವೆ ನಿಜವಾದ ದಿನಸಿ ಅಂಗಡಿಗಳನ್ನೇ ನಡೆಸಿ ನೋಡಿದರು. ಆಮೇಲೆ 2011ರಲ್ಲಿ ಬೆಂಗಳೂರಿನಲ್ಲಿ ಬಿಗ್‌ಬಾಸ್ಕೆಟ್ ಶುರು ಮಾಡಿದರು. 2021ರಲ್ಲಿ ಟಾಟಾದವರು ಅದರ ದೊಡ್ಡ ಪಾಲು ಕೊಂಡರು. ಮಂಡಿಪೇಟೆ ಸರ್, ಗಲ್ಲಾದಲ್ಲಿ ಕೂತು ಕಲಿತಿದ್ದಕ್ಕೆ ಬೆಲೆ ಬಂತು ನೋಡಿ.

ಎಸ್ಸೆಸ್ ಪುರಂ ಅಕ್ಕ, ತುಮಕೂರು

ಈಗ ನಮ್ಮ ಮೊಬೈಲಿನಲ್ಲೇ ಬುಕ್ ಮಾಡಿದರೆ ಬರುತ್ತೆ, ನಮ್ಮ ಸೊಸೆ ಹಾಲಿನ ಪ್ಯಾಕೆಟ್ಟೂ ಅದರಲ್ಲೇ ತರಿಸುತ್ತಾಳೆ. ಸೊಪ್ಪು ಮಾತ್ರ ನಾನು ಗಾಡಿಯವಳ ಹತ್ತಿರವೇ. ಓಮ್ನಿಯವರೇ, ನಿಮ್ಮ ಕೊತ್ತಂಬರಿ ಮಾತ್ರ ಚೆನ್ನಾಗಿರುತ್ತಿತ್ತು. ಒದ್ದೆ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಿರಿ, ನಾಲ್ಕು ದಿನ ಬಾಡುತ್ತಿರಲಿಲ್ಲ.

ಓಮ್ನಿ ಮಾಲೀಕ, ತುಮಕೂರು

ಅದು ನಮ್ಮ ಅಮ್ಮ ಸುತ್ತುತ್ತಿದ್ದದ್ದು ಅಕ್ಕ. ಬೆಳಗಿನ ಜಾವ ನಾಲ್ಕಕ್ಕೆ ನಾನು ಅಂತರಸನಹಳ್ಳಿ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಹಳೇ ಪೇಪರ್ ನೆನೆಸಿಟ್ಟುಕೊಂಡು ಕೂತಿರೋರು.

ಪೇಪರ್ ಲೈನ್, ತುಮಕೂರು

ನಮ್ಮ ಪೇಪರ್ ಅಂತೂ ಕೆಲಸಕ್ಕೆ ಬಂತು. ಸರ್, ಓಮ್ನಿ ಇನ್ನೂ ಇದೆಯಾ? ನನಗೆ ಹಾಲಿನ ಲೈನಿಗೆ ಒಂದು ಗಾಡಿ ಬೇಕಿತ್ತು.

ಓಮ್ನಿ ಮಾಲೀಕ, ತುಮಕೂರು

ನನ್ನ ಹತ್ತಿರ ಇಲ್ಲ ಅಣ್ಣ. ಶಾಮಿಯಾನದ ಒಬ್ಬರು ಪಾತ್ರೆ ಸಾಗಿಸಲು ಕೊಂಡರು. ಕೇಳಿ ನೋಡುತ್ತೇನೆ.

ನಿನ್ನೆ ಒಂದು ಮದುವೆಗೆ ಅಪ್ಪನ ಜೊತೆ ಹೋಗಿದ್ದೆ. ಛತ್ರದ ಹಿಂದೆ ಅದೇ ಗಾಡಿ ನಿಂತಿತ್ತು. ಮೇಲೆ ಬಣ್ಣ ಬಳಿದಿದ್ದಾರೆ, ಆದರೂ ಬಿಸಿಲಿಗೆ ನಮ್ಮ ವೆಬ್‌ಸೈಟಿನ ಹೆಸರು ಕೆಳಗಿನಿಂದ ಎದ್ದು ಕಾಣುತ್ತಿತ್ತು. ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡು ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ಹುಡುಗ ಬಂದು ಕೊಳಗ ಇಳಿಸಲು ಬಾಗಿಲು ಎಳೆದ. ಅದೇ ಕಿರ್ರ್. ಅಪ್ಪ ನಿಂತು ನೋಡಿದರು. ಆಮೇಲೆ ಆ ಹುಡುಗನಿಗೆ ಹೇಳಿದರು:

"ಅದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಪ್ಪ."